ನಾಲ್ಕು ಚಮಚ ಹಿತಕಿದಬೇಳೆ: ಐಬಿಎಸ್ ಜೊತೆ ನನ್ನ ಮೊದಲ ಮೂರು ತಿಂಗಳು

ಮಂಡ್ಯ ಸ್ಟೇಷನ್‌ಗೆ ಬೆಳಗಿನ ಚಾಮುಂಡಿ ಎಕ್ಸ್‌ಪ್ರೆಸ್ ಬಂದು ನಿಂತಾಗ ಎಲ್ಲರೂ ಸೀಟು ಹುಡುಕುತ್ತಾರೆ. ನಾನು ಟಾಯ್ಲೆಟ್ ಪಕ್ಕದ ಜಾಗ ಹುಡುಕುತ್ತಿದ್ದೆ. ಸೀಟು ಸಿಕ್ಕರೂ ಕೂರುತ್ತಿರಲಿಲ್ಲ. ಬಾಗಿಲ ಹತ್ತಿರ ನಿಂತೇ ಮದ್ದೂರು, ಚನ್ನಪಟ್ಟಣ, ರಾಮನಗರ, ಬಿಡದಿ ಅಂತ ಒಂದೊಂದೇ ಸ್ಟೇಷನ್ ಎಣಿಸಿಕೊಂಡು ಬೆಂಗಳೂರು ಮುಟ್ಟುತ್ತಿದ್ದೆ. ಅದಕ್ಕೂ ಮೊದಲು ಬಸ್ಸಿನಲ್ಲಿ ಓಡಾಡುತ್ತಿದ್ದೆ. ಎಕ್ಸ್‌ಪ್ರೆಸ್‌ವೇ ಆದ ಮೇಲೆ ಬಸ್ಸು ಬೇಗ ಹೋಗುತ್ತದೆ ನಿಜ, ಆದರೆ ಒಂದು ಸಲ ಮೇಲೆ ಹತ್ತಿದರೆ ಮಧ್ಯ ಎಲ್ಲೂ ನಿಲ್ಲಲ್ಲ. ನನಗೆ ಆ ‘ನಿಲ್ಲಲ್ಲ’ ಅನ್ನುವ ಯೋಚನೆಯೇ ಸಾಕಾಗಿತ್ತು, ಹೊಟ್ಟೆ ತಿರುಚಲು ಶುರುವಾಗುತ್ತಿತ್ತು.

ನನಗಿರುವುದು ಐಬಿಎಸ್, ಅಂದರೆ ಇರಿಟಬಲ್ ಬವೆಲ್ ಸಿಂಡ್ರೋಮ್, ಕರುಳು ಅತಿ ಸೂಕ್ಷ್ಮವಾಗಿ ಹೊಟ್ಟೆನೋವು, ಭೇದಿ ಅಥವಾ ಮಲಬದ್ಧತೆ ಕಾಡುವ ತೊಂದರೆ. ಇದನ್ನೆಲ್ಲ ಬರೆಯೋದಕ್ಕೆ ತುಂಬಾ ದಿನ ಹಿಂದೆ ಮುಂದೆ ನೋಡಿದೆ. ಮಲ, ಭೇದಿ ಅಂತ ಬರೆಯುವಾಗ ಕೈ ಹಿಂದೆ ಸರಿಯುತ್ತದೆ. ಆದರೆ ಆ ಸಂಕೋಚದಿಂದಲೇ ನಾನು ಆರು ತಿಂಗಳು ಸುಮ್ನೆ ಕಳೆದುಕೊಂಡೆ. ಇನ್ನೊಬ್ಬರು ಕಳೆದುಕೊಳ್ಳುವುದು ಬೇಡ ಅಂತ ಬರೆಯುತ್ತಿದ್ದೇನೆ.

ಶುರುವಾಗಿದ್ದು ಕಳೆದ ಮೇ ತಿಂಗಳಲ್ಲಿ. ಒಂದು ಮದುವೆ ಊಟ ಮಾಡಿ ಬಂದ ರಾತ್ರಿ ನಮ್ಮ ಮನೆಯಲ್ಲಿ ಮೂರು ಜನಕ್ಕೂ ವಾಂತಿ, ಭೇದಿ. ಯಜಮಾನರಿಗೂ ಅತ್ತೆಗೂ ಮೂರು ದಿನದಲ್ಲಿ ಸರಿಹೋಯಿತು. ನನಗೆ ಜ್ವರ ಬಿಟ್ಟಿತು, ಹೊಟ್ಟೆನೋವು ಬಿಡಲಿಲ್ಲ. ಒದ್ದೆ ಬಟ್ಟೆ ಹಿಂಡ್ತೀವಲ್ಲ, ಹೊಕ್ಕುಳ ಕೆಳಗೆ ಎಡಗಡೆ ಹಾಗೆ ಹಿಂಡುತ್ತಿತ್ತು. ಟಾಯ್ಲೆಟ್‌ಗೆ ಹೋಗಿ ಬಂದರೆ ಸ್ವಲ್ಪ ಇಳಿಯುತ್ತಿತ್ತು, ಅರ್ಧ ಗಂಟೆಗೆ ಮತ್ತೆ ಅದೇ. ಬೆಳಗ್ಗೆ ಮನೆ ಬಿಡುವಷ್ಟರಲ್ಲಿ ನಾಲ್ಕು ಸಲ. ಸಂಜೆ ಹೊತ್ತಿಗೆ ಹೊಟ್ಟೆ ಉಬ್ಬಿ ಚೂಡಿದಾರದ ಲಾಡಿ ಸಡಿಲ ಮಾಡಿಕೊಳ್ಳಬೇಕಿತ್ತು.

ನಮ್ಮ ಕಡೆ ಹೊಟ್ಟೆಗೆ ಏನೇ ಆದರೂ ಒಂದೇ ಹೆಸರು, ಗ್ಯಾಸ್ಟ್ರಿಕ್. ಮೆಡಿಕಲ್ ಸ್ಟೋರಿನಲ್ಲಿ ಹೇಳಿದರೆ ಖಾಲಿ ಹೊಟ್ಟೆಗೆ ತಗೊಳ್ಳೋ ಮಾತ್ರೆ ಕೊಡುತ್ತಾರೆ. ಅದನ್ನು ನುಂಗಿದೆ. ಭೇದಿ ನಿಲ್ಲುವ ಮಾತ್ರೆ ನುಂಗಿದೆ. ಎರಡು ಸಲ ಆ್ಯಂಟಿಬಯಾಟಿಕ್ ಕೂಡ ಚೀಟಿ ಇಲ್ಲದೇ ತಗೊಂಡೆ, ಅದು ತಪ್ಪು ಅಂತ ಈಗ ಗೊತ್ತಿದೆ. ಜೀರಿಗೆ ಕಷಾಯ, ಓಂಕಾಳು, ಮೆಂತ್ಯ ಮಜ್ಜಿಗೆ ಎಲ್ಲಾ ಆಯಿತು. ಆಮೇಲೆ ನಾನೇ ಒಂದು ದಾರಿ ಹುಡುಕಿಕೊಂಡೆ. ಬೆಳಗ್ಗೆ ಏನೂ ತಿನ್ನಬಾರದು, ಮಧ್ಯಾಹ್ನ ಎರಡು ಬಿಸ್ಕತ್ತು, ರಾತ್ರಿ ಮನೆಗೆ ಬಂದ ಮೇಲೆ ಹೊಟ್ಟೆ ತುಂಬಾ ಊಟ. ಟ್ರೇನಲ್ಲಿ ಬಾಯಿಗೆ ಇರಲಿ ಅಂತ ಸಕ್ಕರೆ ಇಲ್ಲದ ಚೂಯಿಂಗ್ ಗಮ್. ಅಕ್ಟೋಬರ್ ಹೊತ್ತಿಗೆ ನಾಲ್ಕು ಕೆಜಿ ಇಳಿದಿದ್ದೆ. ತೂಕ ಇಳಿದಿದ್ದು ನೋಡಿ ಯಜಮಾನರು ಹೆದರಿ, ರಜೆ ಹಾಕಿ ಗ್ಯಾಸ್ಟ್ರೋ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದರು.

ಡಾಕ್ಟರ್ ಮೊದಲು ಕೇಳಿದ್ದು ನಾನು ಅಂದುಕೊಂಡ ಪ್ರಶ್ನೆಗಳೇ ಅಲ್ಲ. ಮಲದಲ್ಲಿ ರಕ್ತ ಬಿದ್ದಿದೆಯಾ? ರಾತ್ರಿ ನಿದ್ದೆಯಿಂದ ಎಬ್ಬಿಸಿ ಹೋಗುವ ಹಾಗೆ ಆಗುತ್ತಾ? ಜ್ವರ ಬಂದು ಹೋಗುತ್ತಾ? ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಇತ್ತಾ? ನಾನು ಎಲ್ಲದಕ್ಕೂ ಇಲ್ಲ ಅಂದೆ, ತೂಕ ಮಾತ್ರ ಇಳಿದಿದೆ ಅಂದೆ. ಈ ಪ್ರಶ್ನೆಗಳಲ್ಲಿ ಒಂದಕ್ಕೆ ಹೌದು ಅಂದರೂ ಅದನ್ನು ಐಬಿಎಸ್ ಅಂತ ಸುಮ್ಮನೆ ಬಿಡುವಂತಿಲ್ಲ, ಪೂರ್ತಿ ನೋಡಲೇಬೇಕು ಅಂದರು. ನನ್ನ ತೂಕದ ಸಲುವಾಗಿಯೇ ರಕ್ತ, ಥೈರಾಯ್ಡ್, ಗೋಧಿ ಆಗದ ಸೀಲಿಯಾಕ್ ಕಾಯಿಲೆಯ ಟೆಸ್ಟ್, ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಅನ್ನುವ ಟೆಸ್ಟ್, ಕೊನೆಗೆ ಕೊಳವೆ ಕ್ಯಾಮೆರಾದಿಂದ ದೊಡ್ಡ ಕರುಳು ನೋಡುವ ಕೊಲೊನೋಸ್ಕೋಪಿ ಬರೆದರು. ಕ್ಯಾಲ್‌ಪ್ರೊಟೆಕ್ಟಿನ್ ಜಾಸ್ತಿ ಇದ್ದರೆ ಕರುಳಲ್ಲಿ ಉರಿಯೂತ ಇದೆ ಅಂತ ಅನುಮಾನ ಪಡಬೇಕಂತೆ.

ಕೊಲೊನೋಸ್ಕೋಪಿ ಬಗ್ಗೆ ಹೆದರಿಕೊಂಡವರಿಗೆ ಒಂದು ಮಾತು. ಪರೀಕ್ಷೆಗಿಂತ ಹಿಂದಿನ ಸಂಜೆ ಕಷ್ಟ. ಎರಡು ಲೀಟರ್ ನೀರಿಗೆ ಕರುಳು ತೊಳೆಯುವ ಪುಡಿ ಬೆರೆಸಿ ಲೋಟ ಲೋಟವಾಗಿ ಕುಡಿಯಬೇಕು. ಉಪ್ಪುಪ್ಪು, ಮೇಲೊಂದಿಷ್ಟು ನಿಂಬೆ ವಾಸನೆ. ನಾಲ್ಕನೇ ಲೋಟಕ್ಕೆ ವಾಕರಿಕೆ ಬಂತು. ತಣ್ಣಗೆ ಮಾಡಿ ಕುಡಿದರೆ ಇಳಿಯಿತು. ಪರೀಕ್ಷೆ ಹೊತ್ತಿಗೆ ನಿದ್ದೆ ಇಂಜೆಕ್ಷನ್ ಕೊಟ್ಟಿದ್ದರು, ನನಗೆ ಏನೂ ಗೊತ್ತಾಗಲಿಲ್ಲ.

ನವೆಂಬರ್ ಮೊದಲ ವಾರ ಎಲ್ಲಾ ರಿಪೋರ್ಟೂ ಬಂತು. ಎಲ್ಲಾ ನಾರ್ಮಲ್. ಅಲ್ಲೇ ಕುರ್ಚಿಯಲ್ಲಿ ಕೂತು ಅತ್ತುಬಿಟ್ಟೆ. ಕ್ಯಾನ್ಸರ್ ಇಲ್ಲ ಅನ್ನುವ ಸಮಾಧಾನ ಒಂದು ಕಡೆ, ಇನ್ನೊಂದು ಕಡೆ ನನ್ನ ನೋವನ್ನು ಯಾರೂ ನಂಬಲ್ಲ ಅನ್ನುವ ದುಃಖ. ಏನೂ ಇಲ್ಲ ಅಂದರೆ ಮನೆಗೆ ಹೋಗಿ ಏನು ಹೇಳಲಿ? ಡಾಕ್ಟರ್ ಆತುರ ಮಾಡಲಿಲ್ಲ. “ಟೆಸ್ಟ್ ನಾರ್ಮಲ್ ಅಂತ ಹೇಳಿದೆ, ನಿಮಗೆ ನೋವಿಲ್ಲ ಅಂತ ಹೇಳಲಿಲ್ಲಮ್ಮ” ಅಂದರು. ಆ ಒಂದು ಮಾತಿಗೆ ನಾನು ಅವರಿಗೆ ಯಾವತ್ತೂ ಋಣಿ.

ಅವರು ಬಿಡಿಸಿ ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಬರೆಯುತ್ತೇನೆ. ಕರುಳಿಗೆ ತನ್ನದೇ ನರಗಳ ಜಾಲ ಇದೆ, ಅದು ಮೆದುಳಿನ ಜೊತೆ ಯಾವಾಗಲೂ ಮಾತಾಡುತ್ತಿರುತ್ತದೆ. ಐಬಿಎಸ್‌ನಲ್ಲಿ ಈ ಮಾತುಕತೆ ಹದ ತಪ್ಪುತ್ತದೆ. ಬೇರೆಯವರಿಗೆ ಗೊತ್ತೇ ಆಗದಷ್ಟು ಗಾಳಿ ನಮ್ಮ ಕರುಳಿಗೆ ನೋವಾಗಿ ಮುಟ್ಟುತ್ತದೆ. ಕರುಳಿನ ಒಳಗೆ ಸಣ್ಣ ಬಲೂನು ಉಬ್ಬಿಸಿ ನೋಡಿದ ಪರೀಕ್ಷೆಗಳಲ್ಲಿ, ಐಬಿಎಸ್ ಇರುವ ಎಷ್ಟೋ ಜನಕ್ಕೆ ಉಳಿದವರಿಗಿಂತ ಬೇಗ ನೋವು ಬಂದಿದೆಯಂತೆ. ಕ್ಯಾಮೆರಾದಲ್ಲಿ ಗಾಯ ಕಾಣುತ್ತದೆ, ನರ ಎಷ್ಟು ಸೂಕ್ಷ್ಮವಾಗಿದೆ ಅಂತ ಕಾಣುವುದಿಲ್ಲ. ಹೊಟ್ಟೆಯ ಸೋಂಕು ಆದ ಮೇಲೆ ಹತ್ತರಲ್ಲಿ ಸುಮಾರು ಒಬ್ಬರಿಗೆ ಹೀಗೆ ಉಳಿದುಕೊಳ್ಳುವುದುಂಟು ಅಂದರು. ಅಂದರೆ ಆ ಮದುವೆ ಊಟದ ರಾತ್ರಿಯೇ ಬೀಜ ಬಿದ್ದಿತ್ತು. ಐಬಿಎಸ್ ಅಂತ ಹೇಳುವುದಕ್ಕೂ ಒಂದು ಅಳತೆ ಇದೆ. ರೋಮ್ ಮಾನದಂಡ ಅಂತ ಹೆಸರು, ನಾಲ್ಕನೇ ಆವೃತ್ತಿ 2016ರದ್ದು. ಕಳೆದ ಮೂರು ತಿಂಗಳಲ್ಲಿ ವಾರಕ್ಕೆ ಒಂದು ದಿನವಾದರೂ ಹೊಟ್ಟೆನೋವು, ಅದರ ಜೊತೆ ನೋವಿಗೂ ಮಲ ವಿಸರ್ಜನೆಗೂ ಸಂಬಂಧ, ಹೋಗುವ ಸಲದಲ್ಲಿ ಬದಲಾವಣೆ, ಮಲದ ಗಟ್ಟಿತನದಲ್ಲಿ ಬದಲಾವಣೆ ಈ ಮೂರರಲ್ಲಿ ಎರಡಾದರೂ, ಶುರುವಾಗಿ ಆರು ತಿಂಗಳು. ನನ್ನ ಲೆಕ್ಕ ಮೇ ತಿಂಗಳಿಂದ ನವೆಂಬರ್‌ಗೆ ಸರಿಯಾಗಿ ಕೂತಿತು.

ಮೊದಲು ಕೊಟ್ಟ ಕೆಲಸ ನೋಟ್‌ಬುಕ್. ತಿಂದಿದ್ದೇನು, ಎಷ್ಟು ಗಂಟೆಗೆ, ನೋವು ಹತ್ತಕ್ಕೆ ಎಷ್ಟು, ಮಲ ಯಾವ ನಮೂನೆ. ಮಲಕ್ಕೂ ಒಂದು ಪಟ್ಟಿ ಇದೆ, ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಮಾಡಿದ್ದು, ಏಳು ನಮೂನೆ. ಒಂದು ಅಂದರೆ ಹಿಕ್ಕೆಯ ಹಾಗೆ ಗಟ್ಟಿ ಉಂಡೆ, ಏಳು ಅಂದರೆ ಬರೀ ನೀರು, ಮಧ್ಯದ ನಾಲ್ಕನೇ ನಮೂನೆ ಸರಿಯಾದದ್ದು. ಇದು ನನಗೆ ಎಷ್ಟು ಉಪಕಾರ ಮಾಡಿತು ಅಂದರೆ, ಬಿಡಿಸಿ ಹೇಳಲು ನಾಚಿಕೆಯಾಗುತ್ತಿದ್ದ ಸಂಗತಿಗೆ ಒಂದು ನಂಬರ್ ಸಿಕ್ಕಿತು. ಯಜಮಾನರಿಗೆ ಫೋನಿನಲ್ಲಿ “ಇವತ್ತು ಆರು” ಅಂದರೆ ಸಾಕಾಗುತ್ತಿತ್ತು.

ನಾನು ಕೆಲಸ ಮಾಡುವುದು ಒಂದು ಆಡಿಟರ್ ಆಫೀಸಿನಲ್ಲಿ. ಲೆಕ್ಕ ಬರೆಯುವುದು ಗೊತ್ತಿರುವ ಕೈ. ನವೆಂಬರ್ ಮುಗಿದ ಮೇಲೆ ಒಂದು ಭಾನುವಾರ ಪುಟ ತಿರುವುತ್ತಾ ಕೂತೆ. ಕೆಂಪು ಪೆನ್ನಿನಲ್ಲಿ ಆರು, ಏಳು ಅಂತ ಬರೆದ ದಿನಗಳು ಎರಡು ಕಡೆ ಗುಂಪಾಗಿದ್ದವು. ಒಂದು ಗುಂಪು ಮುಟ್ಟಿನ ಹಿಂದೆ ಮುಂದೆ. ಇನ್ನೊಂದು 18, 19, 20. ಊಟ ಏನೂ ಬೇರೆ ಇರಲಿಲ್ಲ. ಒಂದೈದು ನಿಮಿಷ ಹಾಗೇ ನೋಡಿದೆ. ಆಮೇಲೆ ಹೊಳೆಯಿತು, ಪ್ರತಿ ತಿಂಗಳು 20 ಜಿಎಸ್‌ಟಿ 3ಬಿ ರಿಟರ್ನ್‌ಗೆ ಕೊನೆ ದಿನ. ಆ ಮೂರು ದಿನ ಕ್ಲೈಂಟ್‌ಗಳ ಫೋನು, ಬಿಲ್ಲು ಹೊಂದದ ತಲೆಬಿಸಿ, ಊಟಕ್ಕೆ ಪುರುಸೊತ್ತಿಲ್ಲ, ರಾತ್ರಿ ಕೊನೇ ಟ್ರೇನು. ಅದುವರೆಗೂ ನಾನು ಹುರುಳಿಕಾಯಿ ಪಲ್ಯದ ಮೇಲೆ, ಮೊಸರಿನ ಮೇಲೆ ಅನುಮಾನ ಪಡುತ್ತಿದ್ದೆ.

ಟೆನ್ಷನ್‌ನಿಂದ ಜಾಸ್ತಿಯಾಗುತ್ತದೆ ಅಂದರೆ ಕಾಯಿಲೆ ಸುಳ್ಳು ಅಂತಲ್ಲ. ಇದನ್ನು ಗಟ್ಟಿಯಾಗಿ ಹೇಳಬೇಕು, ಯಾಕೆಂದರೆ “ನೀನು ಜಾಸ್ತಿ ಯೋಚನೆ ಮಾಡ್ತೀಯ, ಅದಕ್ಕೇ” ಅಂತ ನನಗೆ ಹೇಳದ ನೆಂಟರಿಲ್ಲ. ಗಾಬರಿಯಾದಾಗ ಎದೆ ಹೊಡೆದುಕೊಳ್ಳುವುದು ಎಷ್ಟು ನಿಜವೋ ಕರುಳು ಹಿಂಡುವುದೂ ಅಷ್ಟೇ ನಿಜ.

ಊಟದ ವಿಷಯಕ್ಕೆ ಡಯಟಿಷಿಯನ್ ಹತ್ತಿರ ಕಳಿಸಿದರು. ಅವರು ಹೇಳಿದ ಪದ್ಧತಿಯ ಹೆಸರು ಲೋ ಫಾಡ್‌ಮ್ಯಾಪ್. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿರುವ ಮೊನಾಶ್ ಯೂನಿವರ್ಸಿಟಿಯವರು ಬೆಳೆಸಿದ್ದು. ಕೆಲವು ಬಗೆಯ ಸಕ್ಕರೆ ಅಂಶಗಳು ಸಣ್ಣ ಕರುಳಿನಲ್ಲಿ ಸರಿಯಾಗಿ ಹೀರಿಕೊಳ್ಳದೆ ನೀರನ್ನು ಎಳೆದುಕೊಂಡು ದೊಡ್ಡ ಕರುಳಿಗೆ ಇಳಿಯುತ್ತವೆ, ಅಲ್ಲಿ ಬ್ಯಾಕ್ಟೀರಿಯಾ ಅವನ್ನು ಹುದುಗಿಸಿ ಗಾಳಿ ಮಾಡುತ್ತವೆ. ಎಲ್ಲರಿಗೂ ಹೀಗೇ ಆಗುತ್ತದೆ, ಸೂಕ್ಷ್ಮ ಕರುಳಿಗೆ ಅದು ತಡೆಯಲ್ಲ. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಹಾಲು, ಕಾಳುಗಳು, ಹೂಕೋಸು, ಅಣಬೆ, ಸೇಬು, ಕಲ್ಲಂಗಡಿ. ನಾಲ್ಕು ವಾರ ಇವನ್ನು ಬಿಡಬೇಕು, ಆಮೇಲೆ ಒಂದೊಂದಾಗಿ ವಾಪಸ್ ತರಬೇಕು. ಬಿಡಬೇಕಾದ ಪಟ್ಟಿಯಲ್ಲಿ ಸೋರ್ಬಿಟಾಲ್ ಅಂತ ಒಂದು ಹೆಸರಿತ್ತು, ಸಕ್ಕರೆ ಬದಲು ಸಿಹಿಗೆ ಹಾಕುವುದು. ಬ್ಯಾಗಿನಿಂದ ಚೂಯಿಂಗ್ ಗಮ್ ತೆಗೆದು ಹಿಂದೆ ಓದಿದೆ. ಮೊದಲ ಹೆಸರೇ ಸೋರ್ಬಿಟಾಲ್. ಭಯಕ್ಕೆ ಅಂತ ದಿನಾ ಐದಾರು ಅಗಿಯುತ್ತಿದ್ದೆ!

ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಅಡುಗೆ ಕೆಲವು ಮನೆಗಳಲ್ಲಿ ಮಾಮೂಲು. ನಮ್ಮದು ಆ ಮನೆಯಲ್ಲ. ಬಸ್ಸಾರು, ಉಪ್ಸಾರು ಖಾರ, ಮೊಳಕೆ ಹುರುಳಿ ಸಾರು, ಎಲ್ಲದಕ್ಕೂ ಸುಟ್ಟ ಈರುಳ್ಳಿ, ಹಿಡಿ ಬೆಳ್ಳುಳ್ಳಿ ಬೇಕೇ ಬೇಕು. ಪಟ್ಟಿ ಓದಿ ಹೇಳಿದಾಗ ಅತ್ತೆ ಮುಖ ಸಣ್ಣದಾಯಿತು. “ಇವೆಲ್ಲಾ ಬಿಟ್ಟು ಇನ್ನೇನು ಉಣ್ತೀಯವ್ವ? ಹೊಟ್ಟೆಗೆ ಬೀಳದೆ ಇದ್ರೆ ನೋಯ್ದೆ ಇನ್ನೇನಾದದು?” ಅಂದರು. ತಮ್ಮ ಕೈಯಡುಗೆಯಿಂದಲೇ ನನಗೆ ಹೀಗಾಯಿತು ಅಂತ ಅವರು ಒಳಗೇ ಕೊರಗುತ್ತಿದ್ದರು ಅಂತ ನನಗೆ ಗೊತ್ತಾಗಿದ್ದು ಆಮೇಲೆ.

ಮೊದಲ ವಾರ ಬರೀ ಗಂಜಿ, ತಿಳಿ ಟೊಮೆಟೊ ಸಾರು, ಕ್ಯಾರೆಟ್ ಪಲ್ಯ. ರುಚಿಯಿಲ್ಲದೆ ಸೋತುಹೋದೆ. ಎರಡನೇ ವಾರ ಡಯಟಿಷಿಯನ್ ಒಂದು ಉಪಾಯ ಹೇಳಿದರು. ಬೆಳ್ಳುಳ್ಳಿಯಲ್ಲಿ ತೊಂದರೆ ಕೊಡುವ ಅಂಶ ನೀರಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗಲ್ಲ. ಹಾಗಾಗಿ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಹುರಿದು, ಎಸಳನ್ನೆಲ್ಲ ತೆಗೆದು, ಆ ಎಣ್ಣೆಯಲ್ಲಿ ಒಗ್ಗರಣೆ ಕೊಡಬಹುದು. ಅತ್ತೆ ನಂಬಲಿಲ್ಲ, ಆದರೂ ಮಾಡಿದರು. ಜಜ್ಜಿದರೆ ಚೂರು ಉಳಿಯುತ್ತದೆ ಅಂತ ಇಡೀ ಎಸಳನ್ನೇ ಹಾಕಿ, ಕೆಂಪಗಾದ ಮೇಲೆ ಒಂದೊಂದೇ ಎಣಿಸಿ ತೆಗೆದರು. ಎಂಟು ಹಾಕಿದ್ದರು, ಎಂಟೂ ತಟ್ಟೆಗೆ ಬಂತು. ಅದೇ ಎಣ್ಣೆಗೆ ಸಾಸಿವೆ, ಕರಿಬೇವು. ಹೆಸರುಬೇಳೆಯನ್ನು ನೆನೆಸಿ ನೀರು ಚೆಲ್ಲಿ ಬೇಯಿಸಿದ ತೆಳು ಸಾರಿಗೆ ಆ ಒಗ್ಗರಣೆ ಬಿದ್ದಾಗ ಬಂದ ಘಮಕ್ಕೆ ಕಣ್ಣಲ್ಲಿ ನೀರು ಬಂತು. ಇಂಗು ಹಾಕಿ ಅಂತಲೂ ಹೇಳಿದ್ದರು. ಆದರೆ ಮನೆಯಲ್ಲಿದ್ದ ಇಂಗಿನ ಡಬ್ಬಿ ತಿರುಗಿಸಿ ನೋಡಿದರೆ ಅದರಲ್ಲೂ ಗೋಧಿ ಹಿಟ್ಟು ಬೆರೆಸಿತ್ತು, ಅಕ್ಕಿ ಹಿಟ್ಟು ಬೆರೆಸಿದ್ದು ಹುಡುಕಿ ತಂದೆವು. ಟ್ರೇನಲ್ಲಿ ಮದ್ದೂರು ವಡೆ ಬರುತ್ತದಲ್ಲ, ಮೈದಾ, ರವೆ, ಈರುಳ್ಳಿ ಮೂರೂ ಇದೆ. ಅದರ ವಾಸನೆ ಬಂದಾಗ ಬಾಗಿಲ ಕಡೆ ತಿರುಗಿ ನಿಲ್ಲುತ್ತಿದ್ದೆ.

ಮುದ್ದೆ ಬಿಡಲಿಲ್ಲ. ಚಿಕ್ಕದಾಗಿ ಒಂದು, ನನಗೆ ಒಗ್ಗಿತು. ಕಾಫಿ ಮೂರರಿಂದ ಒಂದಕ್ಕೆ ಇಳಿಸಿದೆ, ಅದೂ ತಿಂಡಿ ಆದ ಮೇಲೆ. ಇಸಬಗೋಲು ಅರ್ಧ ಚಮಚದಿಂದ ಶುರುಮಾಡಿ ನಿಧಾನಕ್ಕೆ ಒಂದು ಚಮಚ, ಜೊತೆಗೆ ದೊಡ್ಡ ಲೋಟ ನೀರು.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಮಾತ್ರ ಪಟ್ಟಿಯಲ್ಲಿ ಇರಲೇ ಇಲ್ಲ. ದಿನವಿಡೀ ಉಪವಾಸ ಇದ್ದು ರಾತ್ರಿ ಒಟ್ಟಿಗೆ ಉಣ್ಣುತ್ತಿದ್ದೆನಲ್ಲ, ಅದೇ ನನಗೆ ಶತ್ರುವಾಗಿತ್ತು. ಊಟ ಹೊಟ್ಟೆಗೆ ಬಿದ್ದ ಕೂಡಲೇ ದೊಡ್ಡ ಕರುಳಿಗೆ ‘ಜಾಗ ಮಾಡು’ ಅಂತ ಸೂಚನೆ ಹೋಗುತ್ತದೆ, ಊಟ ದೊಡ್ಡದಾದಷ್ಟೂ ಸೂಚನೆ ಜೋರು. ಸೂಕ್ಷ್ಮ ಕರುಳು ಅದಕ್ಕೆ ಇನ್ನೂ ಜೋರಾಗಿ ಹಿಂಡುತ್ತದೆ. ಈಗ ಮುಕ್ಕಾಲು ಗಂಟೆ ಮೊದಲೇ ಏಳುತ್ತೇನೆ. ಎರಡು ಇಡ್ಲಿ, ಆಮೇಲೆ ಗಡಿಬಿಡಿಯಿಲ್ಲದೆ ಟಾಯ್ಲೆಟ್, ಆಮೇಲೆ ಕಾಲು ಚಾಚಿ ಕೂತು ಹತ್ತು ನಿಮಿಷ ಹೊಟ್ಟೆ ತುಂಬಾ ಉಸಿರೆಳೆದು ಬಿಡುವುದು. ಉಸಿರಾಟದಿಂದ ಏನಾಗುತ್ತೆ ಅಂತ ನಾನೂ ಅಂದುಕೊಂಡಿದ್ದೆ. ಬಿಡದಿ ದಾಟುವಾಗ ಹೊಟ್ಟೆ ಹಿಂಡಲು ಶುರುವಾದ ಒಂದು ದಿನ ಬಾಗಿಲ ಪಕ್ಕ ನಿಂತು ಹಾಗೇ ಉಸಿರಾಡಿದೆ, ಕೆಂಗೇರಿ ಬರುವಷ್ಟರಲ್ಲಿ ಇಳಿಯಿತು. ಆವತ್ತಿನಿಂದ ಬಿಟ್ಟಿಲ್ಲ.

ಡಿಸೆಂಬರ್‌ನಲ್ಲಿ ನೋವು ಹತ್ತಕ್ಕೆ ಏಳರಿಂದ ನಾಲ್ಕಕ್ಕೆ ಇಳಿದಿತ್ತು, ಪೂರ್ತಿ ಹೋಗಿರಲಿಲ್ಲ. ಡಾಕ್ಟರ್ ರಾತ್ರಿಗೆ ಅಮಿಟ್ರಿಪ್ಟಿಲಿನ್ 10 ಎಂಜಿ ಬರೆದರು. ಮನೆಗೆ ಬಂದು ಹೆಸರು ಹುಡುಕಿದರೆ ಖಿನ್ನತೆಯ ಮಾತ್ರೆ ಅಂತ ಬಂತು. ಇವರೂ ನನ್ನನ್ನು ನಂಬಲಿಲ್ಲ ಅಂತ ಸಂಕಟವಾಗಿ ಎರಡು ದಿನ ಮಾತ್ರೆ ಮುಟ್ಟಲಿಲ್ಲ. ಫೋನ್ ಮಾಡಿ ಕೇಳಿದೆ. ಖಿನ್ನತೆಗೆ ಕೊಡುವುದು ಇದಕ್ಕಿಂತ ಎಷ್ಟೋ ಜಾಸ್ತಿ ಪ್ರಮಾಣ, ಇಷ್ಟು ಕಡಿಮೆ ಪ್ರಮಾಣದಲ್ಲಿ ಅದು ಕರುಳಿನ ನೋವಿನ ನರಗಳನ್ನು ತಣ್ಣಗೆ ಮಾಡುತ್ತದೆ, 2023ರಲ್ಲಿ ಇಂಗ್ಲೆಂಡಿನಲ್ಲಿ 463 ಜನರ ಮೇಲೆ ನಡೆದ ಅಧ್ಯಯನದಲ್ಲೂ ಐಬಿಎಸ್‌ಗೆ ಉಪಯೋಗ ಕಂಡಿದೆ ಅಂತ ತಾಳ್ಮೆಯಿಂದ ಹೇಳಿದರು. ಮೊದಲ ವಾರ ಬಾಯಿ ಒಣಗಿತು, ಬೆಳಗ್ಗೆ ಮಂಪರು. ಮೂರನೇ ವಾರದಿಂದ ಫರಕು ಕಂಡಿತು. ನನಗೆ ಭೇದಿಯ ಕಡೆಯ ಐಬಿಎಸ್. ಇದು ಮಲ ಗಟ್ಟಿ ಮಾಡುವ ಮಾತ್ರೆ, ಮಲಬದ್ಧತೆಯ ಕಡೆಯವರಿಗೆ ಇದೇ ಕಷ್ಟವಾಗಬಹುದು. ಅದಕ್ಕೇ ನನ್ನ ಚೀಟಿ ನೋಡಿ ಯಾರೂ ತಗೊಳ್ಳಬೇಡಿ.

ಬಿಟ್ಟಿದ್ದನ್ನು ವಾಪಸ್ ತರುವ ಹಂತ ನನಗೆ ಬಿಡುವುದಕ್ಕಿಂತ ಕಷ್ಟವಾಯಿತು. ಹೊಟ್ಟೆ ಒಂದು ದಾರಿಗೆ ಬಂದಿದೆ, ಯಾಕೆ ಕೆಣಕಲಿ ಅಂತ ಮುಂದೂಡುತ್ತಾ ಹೋದೆ. ಡಯಟಿಷಿಯನ್ ಸ್ವಲ್ಪ ಗದರಿದರು. ಆ ಪಟ್ಟಿ ನಾಲ್ಕಾರು ವಾರಕ್ಕೆ ಮಾತ್ರ, ವರ್ಷಗಟ್ಟಲೆ ಹಾಗೇ ಇದ್ದರೆ ಕರುಳಿನ ಒಳ್ಳೆ ಬ್ಯಾಕ್ಟೀರಿಯಾಕ್ಕೂ ಆಹಾರವಿಲ್ಲ, ನಿಮಗೂ ಪೌಷ್ಟಿಕಾಂಶ ಕೊರತೆ ಅಂದರು. ಒಂದು ಸಲಕ್ಕೆ ಒಂದೇ ಪದಾರ್ಥ, ಮೂರು ದಿನ, ದಿನಕ್ಕೆ ಸ್ವಲ್ಪ ಸ್ವಲ್ಪ ಜಾಸ್ತಿ. ಹಾಲು ಅರ್ಧ ಲೋಟ ತಡೆಯಿತು. ಚಪಾತಿ ಒಂದು ಸರಿ, ಎರಡಾದರೆ ಸಂಜೆಗೆ ಉಬ್ಬರ. ಬೆಳ್ಳುಳ್ಳಿ ಒಂದೆಸಳು ಪರವಾಗಿಲ್ಲ. ಈರುಳ್ಳಿ ಮಾತ್ರ ಎರಡನೇ ದಿನಕ್ಕೇ ಏಳನೇ ನಮೂನೆ, ನೋವು ಎಂಟು. ಬೇಜಾರಾಯಿತು, ಆದರೆ ಯಾರು ಅಂತ ಗೊತ್ತಾಯಿತಲ್ಲ.

ಅಷ್ಟರಲ್ಲಿ ಜನವರಿ. ಅವರೆಕಾಯಿ ಕಾಲ. ಬೀದಿ ತುಂಬಾ ಸೊಗಡಿನ ವಾಸನೆ. ನಮ್ಮ ಮನೆಯಲ್ಲಿ ಪ್ರತಿ ವರ್ಷ ವಾರಕ್ಕೆರಡು ಸಲ ಹಿತಕಿದಬೇಳೆ ಸಾರು ಇರುತ್ತಿತ್ತು. ಈ ಸಲ ಜನವರಿ ಅರ್ಧ ಕಳೆದರೂ ಅತ್ತೆ ಒಂದು ದಿನವೂ ಮಾಡಿರಲಿಲ್ಲ. ಕೇಳಿದರೆ “ನೀನು ಉಣ್ಣದ್ನ ನಾವ್ ಹೆಂಗುಣ್ಣದವ್ವ” ಅಂದರು. ಕಾಳಿನ ಸರದಿ ಆ ವಾರವೇ ಹಾಕಿಕೊಂಡೆ.

ಶನಿವಾರ ರಾತ್ರಿ ಅತ್ತೆ ಕಾಳು ನೆನೆಹಾಕಿದರು. ಭಾನುವಾರ ಬೆಳಗ್ಗೆ ನೀರು ಬಸಿದು ಚೆಲ್ಲಿದರು. ಕಾಳಿನ ತೊಂದರೆ ಅಂಶವೂ ಸ್ವಲ್ಪ ಆ ನೀರಿನಲ್ಲೇ ಹೋಗುತ್ತದೆ ಅಂತ ಹೇಳಿದೆ, “ನಾವು ಮೊದಲಿಂದ್ಲೂ ಚೆಲ್ಲೇ ಮಾಡದು” ಅಂದರು. ಇಬ್ಬರೂ ನೆಲದ ಮೇಲೆ ಕೂತು ಹಿತುಕಿದೆವು. ಹೆಬ್ಬೆರಳು, ತೋರುಬೆರಳ ಮಧ್ಯ ಒತ್ತಿದರೆ ಬೇಳೆ ಜಾರಿ ಬಟ್ಟಲಿಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಈರುಳ್ಳಿ ಇಲ್ಲ, ಕಾಯಿ, ಧನಿಯ, ಮೆಣಸಿನ ಪುಡಿ, ಶುಂಠಿ, ಎಣಿಸಿ ತೆಗೆದ ಬೆಳ್ಳುಳ್ಳಿಯ ಎಣ್ಣೆ. ನನ್ನ ತಟ್ಟೆಗೆ ನಾಲ್ಕು ಚಮಚ ಅಳೆದು ಹಾಕಿದರು, ಅದರ ಪಕ್ಕ ಅನ್ನ. ಅವರು ಊಟ ಶುರು ಮಾಡದೆ ನನ್ನ ಮುಖವನ್ನೇ ನೋಡುತ್ತಾ ಕೂತಿದ್ದರು. ನಿಧಾನಕ್ಕೆ ತಿಂದೆ. ಮಧ್ಯಾಹ್ನ ಸ್ವಲ್ಪ ಗುಡುಗುಡು ಅಂತು, ಅಷ್ಟೇ.

ಸೋಮವಾರ ನಸುಕಿನಲ್ಲಿ ನಾನು ಬಾತ್‌ರೂಮಿನಿಂದ ಹೊರಗೆ ಬಂದಾಗ ಅಡುಗೆಮನೆ ಲೈಟು ಹಾಕಿತ್ತು. ಅತ್ತೆ ಎದ್ದು ನಿಂತಿದ್ದರು. “ಎಷ್ಟವ್ವ?” ಅಂದರು. ನೋಟ್‌ಬುಕ್ಕಿನ ಲೆಕ್ಕ ಅವರಿಗೂ ಬಾಯಿಪಾಠ ಆಗಿತ್ತು.

“ನಾಲ್ಕು, ಅತ್ತೆ” ಅಂದೆ.

ಆವತ್ತು ಟ್ರೇನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಕೂತೆ.